ಟ್ರ್ಯಾಕ್‌ಗೆ ಇಳಿಯುವ ಮಿಯಾಟಾದ ಹಬ್ ಬೇರಿಂಗ್: ನೋಡುವುದು, ಬಿಚ್ಚುವುದು, ಬದಲಿಸುವುದು

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರೇ. “ಎಂಬತ್ತು ದಾಟಿದರೆ ಗುಂಯ್ ಅನ್ನುತ್ತೆ, ಇದು ಬೇರಿಂಗಾ ಟೈರಾ?” “ಹೊಸ ಹಬ್ ಹಾಕಿ ಒಂದು ಸೀಸನ್ ಕೂಡ ಆಗಿಲ್ಲ, ಆಗಲೇ ಆಡ್ತಾ ಇದೆ, ಯಾಕೆ?” “ನಟ್ ಇನ್ನೊಂಚೂರು ಬಿಗಿ ಮಾಡಿದರೆ ಸರಿಹೋಗುತ್ತಾ?” ಮೂರನೆಯದಕ್ಕೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ: ಸರಿಹೋಗುವುದಿಲ್ಲ. ಉಳಿದೆರಡಕ್ಕೆ ಈ ಲೇಖನ.

ಉದಾಹರಣೆಗೆ ತೆಗೆದುಕೊಂಡಿರುವುದು ಮಾಜ್ದಾ ಮಿಯಾಟಾ, ಅಂದರೆ ಎಂಎಕ್ಸ್-5. ಅದರಲ್ಲೂ 1989ರಿಂದ 2005ರವರೆಗಿನ ಮೊದಲ ಎರಡು ತಲೆಮಾರು. ಕ್ಯಾಲಿಫೋರ್ನಿಯಾದಲ್ಲಿದ್ದುಕೊಂಡು ಶನಿವಾರ ಬಂದರೆ ಲಗುನಾ ಸೆಕಾ, ಥಂಡರ್‌ಹಿಲ್ ರೇಸ್ ಟ್ರ್ಯಾಕ್‌ಗಳ ಕಡೆ ಹೊರಡುವ ನಮ್ಮವರಲ್ಲಿ ಈ ಗಾಡಿ ಇಟ್ಟವರು ಬಹಳ. ಬೆಂಗಳೂರಿನಿಂದ ಇರುಂಗಾಟುಕೋಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಪೋಲೊ, ಸ್ವಿಫ್ಟ್ ಓಡಿಸಿಕೊಂಡು ಹೋಗುವವರಿಗೆ ಪರೀಕ್ಷೆಯ ಹಂತಗಳೆಲ್ಲ ಹಾಗೆಯೇ ಅನ್ವಯಿಸುತ್ತವೆ. ಬಿಚ್ಚುವ ಕೆಲಸ ಮಾತ್ರ ಬೇರೆ, ಅದನ್ನು ಹಿಂಬದಿ ಚಕ್ರದ ಭಾಗದಲ್ಲಿ ಹೇಳಿದ್ದೇನೆ.

ಟ್ರ್ಯಾಕ್‌ನಲ್ಲಿ ಬೇರಿಂಗ್ ಯಾಕೆ ಬೇಗ ಸಾಯುತ್ತದೆ

ಚಕ್ರ ಬೋಲ್ಟ್ ಆಗುವ ತಿರುಗುವ ತುಂಡೇ ಹಬ್. ಅದು ತಿರುಗಲು ಒಳಗಿರುವುದು ಎರಡು ಸಾಲು ಉಕ್ಕಿನ ಗುಂಡುಗಳ ಬೇರಿಂಗ್. ಈ ಎರಡು ಸಾಲೂ ಸ್ವಲ್ಪ ಓರೆಯಾಗಿ ಕೂತಿರುತ್ತವೆ, ಹಾಗಾಗಿ ಗಾಡಿಯ ಭಾರವನ್ನೂ ತಿರುವಿನ ಅಡ್ಡ ಒತ್ತಡವನ್ನೂ ಎರಡನ್ನೂ ಹೊರುತ್ತವೆ. ಇದಕ್ಕೆ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಎನ್ನುತ್ತಾರೆ.

ಗುಂಡು ಬೇರಿಂಗ್‌ನ ಆಯುಸ್ಸಿನ ಲೆಕ್ಕ ಕ್ರೂರವಾದದ್ದು. ಹೊರೆಯ ಘನಕ್ಕೆ, ಅಂದರೆ ಮೂರನೆಯ ಘಾತಕ್ಕೆ, ವಿಲೋಮವಾಗಿ ಆಯುಸ್ಸು ಇಳಿಯುತ್ತದೆ. ಹೊರೆ ಕಾಲು ಭಾಗ ಹೆಚ್ಚಾದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧ. ಹೊರೆ ಎರಡರಷ್ಟಾದರೆ ಎಂಟನೇ ಒಂದು ಭಾಗ. ರಸ್ತೆಯಲ್ಲಿ ಲಕ್ಷಾಂತರ ಕಿಲೋಮೀಟರ್ ಬಾಳುವ ಅದೇ ಹಬ್ ಜಿಗುಟು ಟೈರಿನ ಕೆಳಗೆ ಒಂದೆರಡು ಸೀಸನ್‌ಗೆ ಮುಗಿಯುವುದು ಇದಕ್ಕೇ. ತಯಾರಕರ ದೋಷ ಹುಡುಕುವ ಮೊದಲು ನಿಮ್ಮ ಟೈರನ್ನು ನೋಡಿ. ತಿರುವಿನಲ್ಲಿ ಟೈರಿನ ತಳದಲ್ಲಿ ಹುಟ್ಟುವ ಅಡ್ಡ ಬಲ ಚಕ್ರದ ತ್ರಿಜ್ಯದಷ್ಟು ಉದ್ದದ ಸನ್ನೆಗೋಲಾಗಿ ಬೇರಿಂಗನ್ನು ತಿರುಚುತ್ತದೆ. ಹಿಡಿತ ಹೆಚ್ಚಿದಷ್ಟೂ ತಿರುಚು ಹೆಚ್ಚು. ಇದರ ಮೇಲೆ ಚಂದ ಕಾಣಲಿ ಅಂತ 25 ಮಿ.ಮೀ. ಸ್ಪೇಸರ್ (ಹಬ್ ಮತ್ತು ಚಕ್ರದ ನಡುವೆ ಕೂರಿಸುವ ಬಿಲ್ಲೆ) ಹಾಕಿ ಚಕ್ರವನ್ನು ಹೊರಗೆ ತಳ್ಳಿದರೆ, ಎರಡು ಸಾಲುಗಳ ನಡುವೆ ಬೀಳಬೇಕಾದ ಭಾರ ಹೊರಸಾಲಿನ ಮೇಲೇ ಬೀಳುತ್ತದೆ. ಟ್ರ್ಯಾಕ್ ಗಾಡಿಗೆ ದಪ್ಪ ಸ್ಪೇಸರ್ ಬೇಡ ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಸರಿಯಾದ ಆಫ್‌ಸೆಟ್‌ನ (ಹಬ್ ತಾಗುವ ಮುಖ ಚಕ್ರದ ನಡುಗೆರೆಯಿಂದ ಎಷ್ಟು ದೂರ ಎಂಬ ಅಳತೆ) ಚಕ್ರವನ್ನೇ ಕೊಳ್ಳಿ.

ಎರಡನೇ ಶತ್ರು ಬಿಸಿ. ಗಟ್ಟಿಯಾಗಿ ಬ್ರೇಕ್ ಹಿಡಿಯುವ ಟ್ರ್ಯಾಕ್‌ನಲ್ಲಿ ಡಿಸ್ಕ್ 500 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಆ ಬಿಸಿ ಡಿಸ್ಕಿನ ನಡುಭಾಗದಿಂದ ನೇರ ಹಬ್‌ಗೆ ಹರಿಯುತ್ತದೆ. ಸಾಮಾನ್ಯ ಲಿಥಿಯಂ ಗ್ರೀಸ್ 120 ಡಿಗ್ರಿ ಆಸುಪಾಸಿನವರೆಗೆ ನೆಮ್ಮದಿಯಾಗಿರುತ್ತದೆ. ಅದಕ್ಕಿಂತ ಮೇಲೆ ಅದರ ಎಣ್ಣೆ ಬೇರ್ಪಟ್ಟು ಸೀಲ್ ತುಟಿಯಿಂದ ಜಿನುಗುತ್ತದೆ. ಆ ಸೀಲ್ ಕೂಡ ಸಾಮಾನ್ಯವಾಗಿ ನೈಟ್ರೈಲ್ ರಬ್ಬರು, ಅದೂ ಅದೇ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆಮೇಲೆ ಒಳಗೆ ಉಳಿಯುವುದು ಕಪ್ಪು ಹುಡಿ ಮತ್ತು ಒಣ ಗುಂಡುಗಳು.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ನೀರು. ಸೆಷನ್ ಮುಗಿಸಿ ಬಂದ ಗಾಡಿಯ ಚಕ್ರಕ್ಕೆ ಪ್ರೆಷರ್ ವಾಷರ್ ಹಿಡಿಯುತ್ತಾರಲ್ಲ, ಆಗ ಬಿಸಿ ಹಬ್ ಒಮ್ಮೆಲೇ ತಣಿದು ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಸಂದಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತೊಳೆಯುವುದು ಮರುದಿನಕ್ಕೆ ಇರಲಿ.

ಬೇಕಾದ ಸಾಮಾನು

ಜಾಕ್ ಮತ್ತು ಗಟ್ಟಿಯಾದ ಎರಡು ಜಾಕ್ ಸ್ಟ್ಯಾಂಡ್. 29 ಮಿ.ಮೀ. ಸಾಕೆಟ್, ಉದ್ದನೆಯ ಬ್ರೇಕರ್ ಬಾರ್. 300 ನ್ಯೂಟನ್ ಮೀಟರ್‌ವರೆಗೆ ಅಳೆಯುವ ಟಾರ್ಕ್ ರೆಂಚ್. ಚಕ್ರದ ನಟ್‌ಗೆ ಬಳಸುವ ಚಿಕ್ಕದು ಇಲ್ಲಿ ಸಾಲದು. ಅಯಸ್ಕಾಂತದ ಬುಡವಿರುವ ಡಯಲ್ ಗೇಜ್, ಅಂದರೆ ಮಿಲಿಮೀಟರಿನ ನೂರನೇ ಭಾಗ ತೋರಿಸುವ ಮುಳ್ಳಿನ ಅಳತೆ. ಮೊಂಡು ಉಳಿ, ಸುತ್ತಿಗೆ, ತಂತಿಬ್ರಷ್, ಬ್ರೇಕ್ ಕ್ಲೀನರ್, ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ನೇತುಹಾಕಲು ಕಬ್ಬಿಣದ ತಂತಿ. ಎರಡು ಹೊಸ ಹಬ್ ನಟ್. ಹಳೆಯದನ್ನೇ ಮತ್ತೆ ಬಳಸಬಹುದೇ ಎಂದು ಕೇಳಬೇಡಿ, ಬಳಸಬಾರದು. ಜೊತೆಗೆ ನಿಮ್ಮ ವರ್ಷದ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್.

ಒಂದು ಚಿಕ್ಕ ಖರ್ಚು ಮಾಡಿ ಅಂತ ಒತ್ತಾಯಿಸುತ್ತೇನೆ: ಬಿಸಿ ತೋರಿಸುವ ಸ್ಟಿಕ್ಕರ್. ಒಂದು ಮಟ್ಟ ದಾಟಿದರೆ ಅದರ ಚೌಕ ಕಪ್ಪಾಗಿ ಹಾಗೇ ಉಳಿಯುತ್ತದೆ. ಬೇರಿಂಗ್ ಹತ್ತಿರ ನಕಲ್ ಮೇಲೆ (ಹಬ್ಬನ್ನು ಹಿಡಿದಿರುವ ಎರಕದ ತುಂಡು ಅದು) ಉಜ್ಜಿ ಒರೆಸಿ ಅಂಟಿಸಿ. ಕೈಯಲ್ಲಿ ಹಿಡಿಯುವ ಲೇಸರ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಅದನ್ನೇ ಬಳಸುವುದಾದರೆ ಅಳೆಯುವ ಜಾಗಕ್ಕೆ ಬಿಸಿ ತಡೆಯುವ ಮ್ಯಾಟ್ ಕಪ್ಪು ಬಣ್ಣದ ಒಂದು ಚುಕ್ಕೆ ಹೊಡೆಯಿರಿ.

1. ಓಡಿಸುತ್ತಲೇ ಗುರುತಿಸುವುದು

ನಯವಾದ ರಸ್ತೆಯಲ್ಲಿ 60ರಿಂದ 90ರ ವೇಗದಲ್ಲಿ ಹೋಗುತ್ತಾ ಗೇರನ್ನು ನ್ಯೂಟ್ರಲ್‌ಗೆ ತಂದು ಕಿವಿಗೊಡಿ. ಸದ್ದು ಎಂಜಿನ್ ಜೊತೆ ಇಳಿಯದೆ ಚಕ್ರದ ವೇಗದ ಜೊತೆ ಏರಿಳಿದರೆ ಶಂಕೆ ಟೈರ್ ಅಥವಾ ಬೇರಿಂಗ್ ಮೇಲೆ. ಡಾಂಬರು ಹೋಗಿ ಕಾಂಕ್ರೀಟ್ ಬಂದಾಗ ಸದ್ದಿನ ಗುಣವೇ ಬದಲಾದರೆ ಅದು ಟೈರು. ರಸ್ತೆ ಬದಲಾದರೂ ಅದೇ ರಾಗ ಎಳೆಯುತ್ತಿದ್ದರೆ ಬೇರಿಂಗ್.

ಈಗ ಸ್ಟೀರಿಂಗನ್ನು ಹಿತವಾಗಿ ಎಡಬಲಕ್ಕೆ ತೂಗಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆಗೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಡೆಯ ಬೇರಿಂಗ್ ಮೇಲೆ ಗುಮಾನಿ ಇಡಿ. ಇದು ನೂರಕ್ಕೆ ನೂರು ಸರಿಯಲ್ಲ, ಎರಡು ಸಾಲಿನ ಬೇರಿಂಗ್‌ನಲ್ಲಿ ಒಳಸಾಲು ಮಾತ್ರ ಹಾಳಾಗಿದ್ದರೆ ಉಲ್ಟಾ ಕೂಡ ಆಗಬಹುದು. ಆದ್ದರಿಂದ ಇದೊಂದನ್ನೇ ನಂಬಿ ಹಬ್ ತರಿಸಬೇಡಿ.

ಟ್ರ್ಯಾಕ್‌ನಲ್ಲಿ ಮಾತ್ರ ಕಾಣುವ ಇನ್ನೊಂದು ಲಕ್ಷಣ ಸದ್ದಿಗಿಂತ ಮುಖ್ಯ. ಜೋರಾದ ತಿರುವು ಮುಗಿಸಿ ಮುಂದಿನ ಬ್ರೇಕಿಂಗ್ ಜಾಗಕ್ಕೆ ಬಂದಾಗ ಪೆಡಲ್ ಮೊದಲ ಒತ್ತಿಗೆ ಆಳಕ್ಕೆ ಹೋಗಿ, ಎರಡನೇ ಒತ್ತಿಗೆ ಸರಿಯಾಗುತ್ತದೆಯೇ? ಬೇರಿಂಗ್ ಆಡುತ್ತಿದ್ದರೆ ತಿರುವಿನಲ್ಲಿ ಡಿಸ್ಕ್ ಓರೆಯಾಗಿ ಪ್ಯಾಡ್‌ಗಳನ್ನು ಕ್ಯಾಲಿಪರ್ ಒಳಕ್ಕೆ ತಳ್ಳಿಬಿಡುತ್ತದೆ. ಇದನ್ನು ಪ್ಯಾಡ್ ನಾಕ್‌ಬ್ಯಾಕ್ ಎನ್ನುತ್ತಾರೆ. ಬಹಳ ಜನ ಇದನ್ನು ಬ್ರೇಕ್ ಎಣ್ಣೆ ಕುದಿದದ್ದು ಎಂದುಕೊಂಡು ಎಣ್ಣೆ ಬದಲಿಸುತ್ತಾ ಕೂರುತ್ತಾರೆ. ಎಣ್ಣೆ ಕುದಿದರೆ ಪೆಡಲ್ ಸ್ಪಂಜಿನಂತಾಗಿ ತಣಿಯುವವರೆಗೂ ಹಾಗೇ ಇರುತ್ತದೆ. ನಾಕ್‌ಬ್ಯಾಕ್‌ನಲ್ಲಿ ಎರಡನೇ ಒತ್ತಿಗೇ ಗಟ್ಟಿಯಾಗುತ್ತದೆ. ಈ ಲಕ್ಷಣ ಕಂಡ ದಿನ ಮುಂದಿನ ಸೆಷನ್‌ಗೆ ಹೋಗಬೇಡಿ.

2. ಚಕ್ರ ಎತ್ತಿ ಕೈಯಿಂದ ನೋಡುವುದು

ಸಮತಟ್ಟಾದ ನೆಲ, ಜಾಕ್ ಸ್ಟ್ಯಾಂಡ್ ಮೇಲೆ ಗಾಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯನ್ನು ಅಲ್ಲಾಡಿಸಲು ಹೋಗಬಾರದು ಎಂದು ಬರೆಯಬೇಕಾದ್ದಿಲ್ಲ, ಆದರೂ ಬರೆದಿದ್ದೇನೆ.

ಚಕ್ರದ ತಲೆ ಮತ್ತು ಬುಡವನ್ನು ಹಿಡಿದು ಒಂದನ್ನು ಎಳೆದು ಇನ್ನೊಂದನ್ನು ತಳ್ಳಿ. ಟಕ್ ಎಂಬ ಆಟ ಸಿಕ್ಕರೆ ಅದು ಬೇರಿಂಗ್ ಇರಬಹುದು, ಬಾಲ್ ಜಾಯಿಂಟ್ (ನಕಲನ್ನು ಸಸ್ಪೆನ್ಷನ್ ಆರ್ಮ್‌ಗೆ ಸೇರಿಸುವ ಗುಂಡು ಕೀಲು) ಕೂಡ ಇರಬಹುದು. ಎಡಬಲ ಹಿಡಿದಾಗ ಮಾತ್ರ ಆಡಿದರೆ ಮೊದಲು ಟೈ ರಾಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಸರಳು) ತುದಿ ನೋಡಿ. ಬೇರಿಂಗೋ ಬಾಲ್ ಜಾಯಿಂಟೋ ಎಂದು ಬೇರ್ಪಡಿಸಲು ಒಳ್ಳೆಯ ಉಪಾಯವಿದೆ: ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಸಿ. ಬ್ರೇಕ್ ಹಿಡಿದಾಗ ಹಬ್ಬೂ ನಕಲ್ಲೂ ಒಂದೇ ತುಂಡಿನಂತಾಗುತ್ತವೆ. ಆಗ ಆಟ ಮಾಯವಾದರೆ ತಪ್ಪು ಬೇರಿಂಗ್‌ನದು. ಬ್ರೇಕ್ ಹಿಡಿದರೂ ಆಡುತ್ತಿದ್ದರೆ ಬಾಲ್ ಜಾಯಿಂಟ್ ಅಥವಾ ಬುಷ್.

ಆಮೇಲೆ ಒಂದು ಕೈಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗನ್ನು ಹಿಡಿದು ಇನ್ನೊಂದರಲ್ಲಿ ಚಕ್ರ ತಿರುಗಿಸಿ. ಕಿವಿಗೆ ಕೇಳದ ಗರಗರ ಸ್ಪ್ರಿಂಗ್ ಮೂಲಕ ಬೆರಳಿಗೆ ಗೊತ್ತಾಗುತ್ತದೆ. ಪ್ಯಾಡ್ ಸವರುವ ಶ್‌ಶ್ ಸದ್ದಿಗೂ ಇದಕ್ಕೂ ವ್ಯತ್ಯಾಸವಿದೆ. ಪ್ಯಾಡ್ ಸವರುವುದು ನುಣುಪು, ಬೇರಿಂಗ್‌ನದು ಮರಳು ಸಿಕ್ಕಿಕೊಂಡಂತೆ ತರಿತರಿ. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಮಾಡಿ.

ಕಣ್ಣಿಗೂ ಕೆಲಸ ಕೊಡಿ. ಹಬ್ ನಡುವಿನ ಡಸ್ಟ್ ಕ್ಯಾಪ್ ಸುತ್ತ, ಡಿಸ್ಕಿನ ಹಿಂಬದಿಯಲ್ಲಿ ಕಂದು ಬಣ್ಣದ ಎಣ್ಣೆ ಉಂಗುರ ಇದೆಯೇ? ಅದು ಹೊರಬಂದ ಗ್ರೀಸ್. ಆಟ ಇನ್ನೂ ಶುರುವಾಗಿಲ್ಲದಿದ್ದರೂ ದಿನ ಎಣಿಸಲು ಶುರು ಮಾಡಬಹುದು.

3. ಡಯಲ್ ಗೇಜ್ ಇಡುವುದು

ಕೈ ಅಂದಾಜು ಮಾಡುತ್ತದೆ, ತೀರ್ಪು ಕೊಡಬೇಕಾದ್ದು ಗೇಜ್. ಚಕ್ರ, ಕ್ಯಾಲಿಪರ್, ಡಿಸ್ಕ್ ತೆಗೆಯಿರಿ. ಗೇಜಿನ ಬುಡವನ್ನು ನಕಲ್‌ಗೆ ಕಚ್ಚಿಸಿ, ಮುಳ್ಳಿನ ಮೂತಿಯನ್ನು ಹಬ್ ಮುಖಕ್ಕೆ ಲಂಬವಾಗಿ ಮುಟ್ಟಿಸಿ. ಎರಡೂ ಕೈಯಿಂದ ಹಬ್ಬನ್ನು ನೇರ ಒಳಗೆ ಒತ್ತಿ ಸೊನ್ನೆ ಮಾಡಿ, ನೇರ ಹೊರಗೆ ಎಳೆಯಿರಿ. ಈ ಗಾಡಿಗೆ ಮಿತಿ 0.05 ಮಿ.ಮೀ. ಅದಕ್ಕಿಂತ ಹೆಚ್ಚು ತೋರಿಸಿದರೆ ಹಬ್ ಬದಲಿಸುವುದೇ ದಾರಿ.

ಎಳೆಯುವಾಗ ಓರೆ ಮಾಡಿದರೆ ಮುಳ್ಳು ಸುಮ್ಮನೆ ಹೆಚ್ಚು ತೋರಿಸುತ್ತದೆ. ಒಂದೇ ಬಾರಿ ಅಳೆದು ನಿರ್ಧರಿಸಬೇಡಿ. ಹಬ್ಬನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಅಳೆದ ಅಂಕಿಯನ್ನು ತಾರೀಖು, ಚಕ್ರದ ಜಾಗ, ಸ್ಟಿಕ್ಕರ್ ತೋರಿಸಿದ ಗರಿಷ್ಠ ಬಿಸಿ ಇವುಗಳ ಜೊತೆ ಪುಸ್ತಕದಲ್ಲಿ ಬರೆದಿಡಿ. 0.01 ಇದ್ದದ್ದು ಎರಡು ಟ್ರ್ಯಾಕ್ ದಿನದಲ್ಲಿ 0.04 ಆಗಿದ್ದರೆ, ಮಿತಿಯೊಳಗೇ ಇದ್ದರೂ ಆ ಹಬ್ಬನ್ನು ನಾನು ತೆಗೆಯುತ್ತೇನೆ. ಅಂಕಿಗಿಂತ ಅದು ಓಡುವ ವೇಗ ಹೆಚ್ಚು ಹೇಳುತ್ತದೆ.

ಯಾವ ಕಡೆ ಮೊದಲು ಹೋಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಲಗುನಾ ಸೆಕಾ ಗಡಿಯಾರಕ್ಕೆ ಎದುರಾಗಿ ಸುತ್ತುವ ಟ್ರ್ಯಾಕ್. ಎಡ ತಿರುವೇ ಜಾಸ್ತಿ, ಹಾಗಾಗಿ ಬಲ ಮುಂದಿನ ಹಬ್ ದುಡಿಯುತ್ತದೆ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್ ಗಡಿಯಾರದಂತೆ ಸುತ್ತುತ್ತದೆ, ಅಲ್ಲಿ ಎಡ ಮುಂದಿನದು. ನೀವು ಹೆಚ್ಚು ಓಡುವ ಟ್ರ್ಯಾಕ್ ನೋಡಿಕೊಂಡು ಆ ಮೂಲೆಯ ಹಬ್ಬನ್ನು ಮೊದಲು ಪರೀಕ್ಷಿಸಿ.

4. ಮುಂದಿನ ಹಬ್ ಬಿಚ್ಚುವುದು

ಇದು ಮನೆಯ ಗ್ಯಾರೇಜಿನಲ್ಲೇ ಆಗುವ ಕೆಲಸ, ಪ್ರೆಸ್ ಬೇಡ. ಆದರೆ ಕ್ರಮ ತಪ್ಪಿದರೆ ಅರ್ಧ ದಿನ ಹೋಗುತ್ತದೆ. ಸಾಮಾನ್ಯವಾಗಿ ಆಗುವ ಎಡವಟ್ಟು ಏನೆಂದರೆ, ಹುರುಪಿನಲ್ಲಿ ಕ್ಯಾಲಿಪರ್ ಮೊದಲು ಬಿಚ್ಚಿಬಿಡುತ್ತಾರೆ. ಆಮೇಲೆ ದೊಡ್ಡ ನಟ್ ಸಡಿಲಿಸಲು ಹೋದರೆ ಹಬ್ ಸುಮ್ಮನೆ ಸುತ್ತುತ್ತದೆ. ನಟ್ ಸಡಿಲಾಗುವವರೆಗೆ ಬ್ರೇಕ್ ಜಾಗದಲ್ಲೇ ಇರಲಿ.

ಚಕ್ರ ತೆಗೆದ ಮೇಲೆ ಎರಡು ವೀಲ್ ನಟ್ ಹಾಕಿ ಡಿಸ್ಕನ್ನು ಹಬ್‌ಗೆ ಬಿಗಿ ಮಾಡಿ. ಡಸ್ಟ್ ಕ್ಯಾಪನ್ನು ಸುತ್ತಲೂ ಸ್ವಲ್ಪಸ್ವಲ್ಪ ಮೀಟಿ ತೆಗೆಯಿರಿ. ಒಂದೇ ಕಡೆ ಮೀಟಿ ಸೊಟ್ಟ ಮಾಡಿದರೆ ಮತ್ತೆ ಕೂರುವುದಿಲ್ಲ, ಸೊಟ್ಟ ಕ್ಯಾಪ್ ದಾರಿಯಲ್ಲಿ ಉದುರಿದರೆ ಮಣ್ಣಿಗೆ ಬಾಗಿಲು ತೆರೆದಂತೆ. ಒಳಗೆ ಕಾಣುವ ನಟ್‌ನ ತೆಳು ಕಂಠವನ್ನು ಸ್ಪಿಂಡಲ್‌ನ (ಹಬ್ ಕೂರುವ ಗಟ್ಟಿ ಅಚ್ಚು) ತೋಡಿನೊಳಕ್ಕೆ ಬಡಿದು ಲಾಕ್ ಮಾಡಿರುತ್ತಾರೆ. ಆ ಬಡಿತವನ್ನು ಉಳಿಯಿಂದ ಮೇಲೆತ್ತಿ. ಎತ್ತದೆ ಬಲವಂತವಾಗಿ ತಿರುಗಿಸಿದರೆ ಸ್ಪಿಂಡಲ್ ಥ್ರೆಡ್ ಹರಿಯುತ್ತದೆ. ಆಮೇಲೆ ಹಬ್ ಅಲ್ಲ, ನಕಲ್ಲೇ ಕೊಳ್ಳಬೇಕು. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಬ್ರೇಕರ್ ಬಾರ್ ಹಾಕಿ ನಟ್ ಸಡಿಲಿಸಿ.

ಈಗ ಕ್ಯಾಲಿಪರ್ ಬ್ರಾಕೆಟ್ಟಿನ ಎರಡು ಬೋಲ್ಟ್ ಬಿಚ್ಚಿ, ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗ್‌ಗೆ ನೇತುಹಾಕಿ. ಬ್ರೇಕ್ ಹೋಸ್ ಮೇಲೆ ಅದರ ಭಾರ ಬೀಳಬಾರದು. ಡಿಸ್ಕ್ ತೆಗೆದು, ನಟ್ ಪೂರ್ತಿ ಬಿಚ್ಚಿ, ಹಬ್ಬನ್ನು ನೇರವಾಗಿ ಎಳೆದರೆ ಬರುತ್ತದೆ. ಎಬಿಎಸ್ ಇರುವ ಗಾಡಿಯಾದರೆ ಹಬ್ ಹಿಂದಿರುವ ಹಲ್ಲಿನ ಉಂಗುರಕ್ಕೆ ಪೆಟ್ಟು ಬೀಳದಂತೆ ನೋಡಿಕೊಳ್ಳಿ.

ಬರಿದಾದ ಸ್ಪಿಂಡಲ್ ಒರೆಸಿ ಬೆಳಕಿನಲ್ಲಿ ನೋಡಿ. ನಯವಾಗಿ ಹೊಳೆಯುತ್ತಿದ್ದರೆ ಸರಿ. ನೀಲಿ ಕಲೆ, ಸುತ್ತ ಗೀರು ಇದ್ದರೆ ಬೇರಿಂಗ್‌ನ ಒಳ ಉಂಗುರ ಸ್ಪಿಂಡಲ್ ಮೇಲೆ ಜಾರಿ ಸುತ್ತಿದೆ ಎಂದರ್ಥ, ಅಂದರೆ ನಟ್ ಯಾವಾಗಲೋ ಸಡಿಲಾಗಿತ್ತು. ಬೆರಳುಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಹೊಸ ಹಬ್ ಹಾಕುವುದು ವ್ಯರ್ಥ, ನಕಲ್ ಬದಲಿಸಬೇಕು.

5. ಗ್ರೀಸ್ ತುಂಬುವುದೋ, ಹೊಸದು ಹಾಕುವುದೋ

ಕಾರ್ಖಾನೆಯ ಪ್ರಕಾರ ಈ ಹಬ್ ಬಿಚ್ಚುವಂಥದ್ದಲ್ಲ. ಹಾಳಾದರೆ ಇಡಿಯಾಗಿ ಬದಲಿಸಬೇಕು. ರೇಸ್ ಮಾಡುವವರು ಮಾತ್ರ ಹೊಸ ಹಬ್ಬನ್ನೇ ಬಿಚ್ಚಿ, ಒಳಗಿನ ಗ್ರೀಸ್ ತೊಳೆದು, ಹೆಚ್ಚು ಬಿಸಿ ತಡೆಯುವ ಸಿಂಥೆಟಿಕ್ ಗ್ರೀಸ್ ತುಂಬಿ ಬಳಸುತ್ತಾರೆ. ಉಪಯೋಗವಿದೆಯೇ? ಇದೆ, ಆದರೆ ಒಂದು ಷರತ್ತಿನ ಮೇಲೆ: ಬೇರಿಂಗ್ ಇನ್ನೂ ಆರೋಗ್ಯವಾಗಿರಬೇಕು. ಗರಗರ ಶುರುವಾದ ಹಬ್‌ಗೆ ಗ್ರೀಸ್ ತುಂಬಿದರೆ ಸದ್ದು ಕೆಲವು ದಿನ ಅಡಗುತ್ತದೆ, ಗುಂಡಿನ ದಾರಿಯಲ್ಲಿ ಬಿದ್ದ ಕುಳಿ ಹಾಗೇ ಇರುತ್ತದೆ. ಅಡಗಿದ ಸದ್ದು ಕೇಳುವ ಸದ್ದಿಗಿಂತ ಅಪಾಯ.

ಮಾಡುವುದಾದರೆ ಹೀಗೆ. ಸೀಲ್ ತುಟಿಗೆ ಗಾಯವಾಗದಂತೆ ಅಂಚಿನಿಂದ ಎತ್ತಿ. ಒಳ ಉಂಗುರ ತೆಗೆಯುವ ಮೊದಲು ಯಾವುದು ಹೊರಗಿನದು, ಯಾವುದು ಒಳಗಿನದು ಎಂದು ಮಾರ್ಕರ್‌ನಿಂದ ಗುರುತು ಮಾಡಿ. ಪ್ರತಿ ಉಂಗುರ, ಗುಂಡುಗಳ ಪಂಜರ ತನ್ನ ಸಾಲಿಗೇ, ಅದೇ ದಿಕ್ಕಿನಲ್ಲೇ ಮರಳಬೇಕು. ಹಳೆ ಗ್ರೀಸನ್ನು ಸಾಲ್ವೆಂಟ್‌ನಲ್ಲಿ ತೊಳೆದು ಸಂಪೂರ್ಣ ಒಣಗಿಸಿ. ಕಂಪ್ರೆಸರ್ ಗಾಳಿ ಹೊಡೆದು ಬೇರಿಂಗನ್ನು ಗಿರ್ರನೆ ತಿರುಗಿಸುವ ಚಪಲ ಎಲ್ಲರಿಗೂ ಇರುತ್ತದೆ. ಒಣ ಗುಂಡು ಒಣ ದಾರಿಯಲ್ಲಿ ಆ ವೇಗದಲ್ಲಿ ತಿರುಗಿದರೆ ಅಲ್ಲೇ ಗೀರು ಬೀಳುತ್ತದೆ. ಒಳದಾರಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬೂದು ಪಟ್ಟಿ, ಸಿಪ್ಪೆ ಎದ್ದ ಚುಕ್ಕೆ, ಚಹಾ ಬಣ್ಣ ಕಂಡರೆ ಅಲ್ಲಿಗೇ ನಿಲ್ಲಿಸಿ, ಹೊಸ ಹಬ್ ತರಿಸಿ.

ಗ್ರೀಸ್ ಹೆಚ್ಚು ಹಾಕಿದಷ್ಟೂ ಒಳ್ಳೆಯದಲ್ಲ. ಗುಂಡುಗಳ ಸಂದಿಗೆಲ್ಲ ಬೆರಳಿನಿಂದ ಒತ್ತಿ ತುಂಬಿ, ಉಳಿದ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದವರೆಗೆ ಸಾಕು. ಕಂಠಮಟ್ಟ ತುಂಬಿದರೆ ಗುಂಡುಗಳು ಅದನ್ನೇ ಕಡೆಯುತ್ತಾ ಬಿಸಿಯಾಗುತ್ತವೆ, ಕೊನೆಗೆ ಸೀಲನ್ನೇ ತಳ್ಳಿ ಹೊರಬರುತ್ತದೆ. ಎರಡು ಜಾತಿಯ ಗ್ರೀಸ್ ಬೆರೆಸಬೇಡಿ. ಲಿಥಿಯಂ ಕಾಂಪ್ಲೆಕ್ಸ್ ಮತ್ತು ಪಾಲಿಯೂರಿಯಾ ಬೆರೆತರೆ ಬಹಳ ಸಲ ನೀರಾಗಿಬಿಡುತ್ತವೆ.

ಹೊಸದು ಕೊಳ್ಳುವವರಿಗೆ ಒಂದೇ ಮಾತು: ಯಾರು ಮಾಡಿದ್ದೆಂದು ಗೊತ್ತಿಲ್ಲದ ಅಗ್ಗದ ಹಬ್ ಟ್ರ್ಯಾಕ್ ಗಾಡಿಗೆ ಬೇಡ. ಎನ್‌ಎಸ್‌ಕೆ, ಎನ್‌ಟಿಎನ್, ಎಸ್‌ಕೆಎಫ್, ಟಿಮ್ಕೆನ್ ಇಂಥ ಹೆಸರಿನ ಡಬ್ಬಿಯಲ್ಲೂ ನಕಲಿ ಮಾಲು ತುಂಬಿ ಮಾರುತ್ತಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗಲೂ ಇದು ನೆನಪಿರಲಿ. ಡಬ್ಬಿಯ ಮೇಲಿನ ಗುರುತನ್ನು ಫೋನಿನಲ್ಲಿ ಪರೀಕ್ಷಿಸುವ ಆಪ್‌ಗಳನ್ನು ಬೇರಿಂಗ್ ಕಂಪನಿಗಳೇ ಕೊಟ್ಟಿವೆ, ಬಳಸಿ. ಬಿಲ್ ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ.

ಷೆವ್ರೊಲೆ ಕೊರ್ವೆಟ್ ಇಟ್ಟವರ ಪಾಡು ಸುಲಭ. ಸಿ5, ಸಿ6 ಗಾಡಿಗಳಲ್ಲಿ ಇಡೀ ಹಬ್ ಮೂರು ಬೋಲ್ಟಿನ ಮೇಲೆ ನಿಂತಿದೆ, ಜೊತೆಗೆ ಎಸ್‌ಕೆಎಫ್‌ನ ಎಕ್ಸ್-ಟ್ರ್ಯಾಕರ್ ಎಂಬ ಹಬ್ ಸಿಗುತ್ತದೆ. ಅದರ ಹೊರಸಾಲಿನ ವೃತ್ತ ದೊಡ್ಡದು, ಗುಂಡುಗಳೂ ಹೆಚ್ಚು, ಹಾಗಾಗಿ ತಿರುವಿನಲ್ಲಿ ಕಡಿಮೆ ಬಾಗುತ್ತದೆ. ನಾಕ್‌ಬ್ಯಾಕ್ ಕಾಟ ಇರುವವರು ಅದಕ್ಕೆ ದುಡ್ಡು ಹಾಕಬಹುದು.

6. ಕೂರಿಸಿ ಬಿಗಿ ಮಾಡುವುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಬಹುತೇಕ ಹೊಸ ಹಬ್‌ಗಳು ಸಾಯುವುದೂ ಇಲ್ಲೇ.

ಹಳೆಯ ಟೇಪರ್ ರೋಲರ್ ಬೇರಿಂಗ್ ಗಾಡಿಗಳಲ್ಲಿ ನಟ್ ಬಿಗಿಮಾಡಿ, ಸ್ವಲ್ಪ ಹಿಂದಕ್ಕೆ ಸಡಿಲಿಸಿ, ಕಾಟರ್ ಪಿನ್ ಹಾಕುವ ಪದ್ಧತಿಯಿತ್ತು. ಅಲ್ಲಿ ನಟ್ಟೇ ಬೇರಿಂಗ್‌ನ ಆಟವನ್ನು ಹೊಂದಿಸುತ್ತಿತ್ತು. ಇಲ್ಲಿ ಹಾಗಲ್ಲ. ಎರಡು ಒಳ ಉಂಗುರಗಳು ಮೂತಿಗೆ ಮೂತಿ ತಾಗಿ ನಿಲ್ಲುತ್ತವೆ, ಒಳಗಿನ ಬಿಗಿತವನ್ನು ಕಾರ್ಖಾನೆಯಲ್ಲೇ ಉಂಗುರದ ಅಳತೆಯಿಂದ ನಿರ್ಧರಿಸಿರುತ್ತಾರೆ. ನಟ್‌ನ ಕೆಲಸ ಅವೆರಡನ್ನೂ ಅಲುಗದಂತೆ ಹಿಡಿಯುವುದಷ್ಟೆ. ಕಡಿಮೆ ಬಿಗಿಯಾದರೆ ಉಂಗುರಗಳು ಬೇರ್ಪಟ್ಟು ಆಡುತ್ತವೆ. ಸವೆದ ಬೇರಿಂಗನ್ನು ಹೆಚ್ಚು ಬಿಗಿ ಮಾಡಿದರೆ ಆಟ ಹೋಗುವುದಿಲ್ಲ, ಥ್ರೆಡ್ ಹೋಗುತ್ತದೆ.

ಸ್ಪಿಂಡಲ್‌ಗೆ ಎಣ್ಣೆಯ ತೆಳು ಪೊರೆ ಸವರಿ ಹಬ್ಬನ್ನು ಕೈಯಿಂದಲೇ ನೇರವಾಗಿ ಕೂರಿಸಿ. ಸುತ್ತಿಗೆ ಹತ್ತಿರವೂ ಬರಬಾರದು. ಹಬ್ ಮುಖಕ್ಕೆ ಕೊಟ್ಟ ಒಂದೊಂದು ಏಟೂ ಗುಂಡುಗಳ ಮೂಲಕ ದಾರಿಯಲ್ಲಿ ಕುಳಿಯಾಗಿ ಉಳಿಯುತ್ತದೆ. ಹೊಸ ನಟ್ ಕೈಯಿಂದ ಹತ್ತಿಸಿ, ಡಿಸ್ಕ್ ಮತ್ತು ಕ್ಯಾಲಿಪರ್ ಹಾಕಿ, ಬ್ರೇಕ್ ಹಿಡಿಸಿ, ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ. ಮುಂದಿನ ಹಬ್‌ಗೆ 167ರಿಂದ 215 ನ್ಯೂಟನ್ ಮೀಟರ್. ನಾನು 200ರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ. ಇಂಪ್ಯಾಕ್ಟ್ ಗನ್ ಬಿಚ್ಚಲು ಇರಲಿ, ಬಿಗಿಮಾಡಲು ಬೇಡ. ಅದು ಎಷ್ಟು ಬಿಗಿ ಮಾಡಿತು ಎಂದು ಅದಕ್ಕೇ ಗೊತ್ತಿರುವುದಿಲ್ಲ.

ಹಬ್ಬನ್ನು ಕೆಲವು ಸುತ್ತು ತಿರುಗಿಸಿ ಮತ್ತೊಮ್ಮೆ ರೆಂಚ್ ಹಾಕಿ ನೋಡಿ. ಸರಿಯಿದ್ದರೆ ನಟ್ ಕಂಠವನ್ನು ಮೊಂಡು ಉಳಿಯಿಂದ ಸ್ಪಿಂಡಲ್‌ನ ತೋಡಿನೊಳಕ್ಕೆ ಬಡಿಯಿರಿ. ಚೂಪು ಉಳಿಯಾದರೆ ಕಂಠ ಕತ್ತರಿಸಿಹೋಗುತ್ತದೆ. ಬಡಿದ ಜಾಗ ಬಿರಿದಿದ್ದರೆ ಇನ್ನೊಂದು ಹೊಸ ನಟ್. ಅದಕ್ಕೇ ಮೊದಲೇ ಎರಡಕ್ಕಿಂತ ಒಂದು ಹೆಚ್ಚಿಗೆ ತರಿಸಿಟ್ಟುಕೊಂಡರೂ ತಪ್ಪಿಲ್ಲ.

ನಟ್ ಪೂರ್ತಿ ಬಿಗಿಯಾಗದೆ ಗಾಡಿಯನ್ನು ನೆಲಕ್ಕಿಳಿಸಿ ಒಂದಡಿಯೂ ಉರುಳಿಸಬೇಡಿ. ಶೆಡ್‌ನಿಂದ ಹೊರಗೆ ತಳ್ಳಿ ಆಮೇಲೆ ಬಿಗಿ ಮಾಡೋಣ ಎಂದುಕೊಂಡವರ ಹೊಸ ಬೇರಿಂಗ್ ಅಲ್ಲೇ ಹಳತಾಗುತ್ತದೆ.

ಡಿಸ್ಕ್ ಕೂರುವ ಹಬ್ ಮುಖದ ತುಕ್ಕನ್ನು ತಂತಿಬ್ರಷ್‌ನಿಂದ ತೆಗೆಯಲು ಮರೆಯಬೇಡಿ. ಅಲ್ಲಿ ಉಳಿದ ಒಂದು ಚಕ್ಕೆ ತುಕ್ಕು ಡಿಸ್ಕನ್ನು ತೂಗಾಡಿಸುತ್ತದೆ, ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗುತ್ತದೆ, ನೀವು ಬೇರಿಂಗನ್ನು ಬೈಯುತ್ತೀರಿ. ವೀಲ್ ನಟ್‌ಗಳಿಗೆ 88ರಿಂದ 118 ನ್ಯೂಟನ್ ಮೀಟರ್, ಅಡ್ಡಡ್ಡವಾಗಿ ಒಂದಾದ ಮೇಲೊಂದು.

7. ಹಿಂದಿನ ಬೇರಿಂಗ್: ಇದು ಲೇತ್ ಅಂಗಡಿಯ ಕೆಲಸ

ಮಿಯಾಟಾದ ಹಿಂದಿನ ಬೇರಿಂಗ್ ನಕಲ್ ಒಳಗೆ ಪ್ರೆಸ್ ಮಾಡಿ ಕೂರಿಸಿದ್ದು. ಪೋಲೊದಂಥ ಮುಂದಿನ ಚಕ್ರ ಎಳೆಯುವ ಗಾಡಿಗಳ ಮುಂದಿನ ಚಕ್ರದಲ್ಲೂ ಡ್ರೈವ್ ಶಾಫ್ಟ್ ಹಬ್ ನಡುವೆ ಹಾಯುತ್ತದೆ, ಹಲವು ಮಾದರಿಗಳಲ್ಲಿ ಬೇರಿಂಗ್ ಹೀಗೇ ಪ್ರೆಸ್ ಆಗಿರುತ್ತದೆ. ಹೈಡ್ರಾಲಿಕ್ ಪ್ರೆಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ನಕಲ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯುವುದು ಜಾಣತನ, ಆದರೆ ಪಕ್ಕದಲ್ಲಿ ನಿಂತು ನೋಡಿ.

ಆಕ್ಸಲ್ ನಟ್ ಸಡಿಲಿಸಿ, ಶಾಫ್ಟ್ ತುದಿಗೆ ನಟ್ಟನ್ನು ಮಟ್ಟಸವಾಗಿ ಹತ್ತಿಸಿಟ್ಟು ಪುಲ್ಲರ್‌ನಿಂದ ತಳ್ಳಿ. ನಟ್ ಇಲ್ಲದೆ ಬಡಿದರೆ ಶಾಫ್ಟ್ ತುದಿ ಅಣಬೆಯಾಗುತ್ತದೆ. ನಕಲ್ಲಿನ ಕೆಳಗಿನ ಉದ್ದನೆಯ ಬೋಲ್ಟ್ ತುಕ್ಕು ಹಿಡಿದು ಬುಷ್ ಒಳಗೇ ಅಂಟಿಕೊಂಡಿರುವುದು ಈ ಗಾಡಿಯ ಕುಖ್ಯಾತ ಕಾಟ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಅಲೈನ್‌ಮೆಂಟ್ ಹೊಂದಿಸುವ ಬೋಲ್ಟ್‌ಗಳು ಕೆಳ ಆರ್ಮ್‌ನ ಒಳತುದಿಯಲ್ಲಿವೆ, ಅವನ್ನು ಮುಟ್ಟಬೇಡಿ.

ಹಬ್ಬನ್ನು ಪ್ರೆಸ್ ಮಾಡಿ ತೆಗೆದಾಗ ಬೇರಿಂಗ್‌ನ ಒಂದು ಒಳ ಉಂಗುರ ಹಬ್‌ಗೇ ಅಂಟಿಕೊಂಡು ಬರುತ್ತದೆ. ಗಾಬರಿ ಬೇಡ. ಸೆಪರೇಟರ್‌ನಿಂದ ಎಳೆಯಬಹುದು, ಇಲ್ಲವೇ ಗ್ರೈಂಡರ್‌ನಿಂದ ಉಂಗುರದ ಮೇಲೆ ಮುಕ್ಕಾಲು ಆಳ ಸೀಳು ಹಾಕಿ ಉಳಿಯಿಂದ ಒಂದೇಟು ಕೊಟ್ಟರೆ ಬಿರಿಯುತ್ತದೆ. ಹಬ್ ಮೈಗೆ ಗ್ರೈಂಡರ್ ತಾಗಿದರೆ ಹಬ್ಬೂ ಗುಜರಿಗೆ. ಮುಂದಕ್ಕೆ ಸರ್ಕ್ಲಿಪ್ (ಬೇರಿಂಗನ್ನು ಜಾರದಂತೆ ಹಿಡಿಯುವ ಸ್ಪ್ರಿಂಗ್ ಉಂಗುರ) ತೆಗೆದು ಹಳೆ ಬೇರಿಂಗ್ ತಳ್ಳಿ.

ಹೊಸದನ್ನು ಕೂರಿಸುವಾಗ ನೀವು ಪಕ್ಕದಲ್ಲಿ ನಿಂತು ನೋಡಬೇಕಾದ್ದು ಇಷ್ಟು: ಬೇರಿಂಗನ್ನು ನಕಲ್ ಒಳಗೆ ತಳ್ಳುವಾಗ ಒತ್ತಡ ಹೊರ ಉಂಗುರದ ಮೇಲೆ ಮಾತ್ರ ಬೀಳಬೇಕು. ಹಬ್ಬನ್ನು ಬೇರಿಂಗ್ ಒಳಗೆ ತಳ್ಳುವಾಗ ಕೆಳಗಿನ ಆಧಾರ ಒಳ ಉಂಗುರಕ್ಕೆ ಸಿಗಬೇಕು. ಕೈಗೆ ಸಿಕ್ಕ ಹಳೆ ಪೈಪ್ ತುಂಡನ್ನು ಇಟ್ಟು ಒತ್ತಿದರೆ ಬಲ ಗುಂಡುಗಳ ಮೂಲಕ ಹಾದು ದಾರಿಯಲ್ಲಿ ಅಚ್ಚು ಬೀಳುತ್ತದೆ. ಸರಿಯಾದ ಅಳತೆಯ ಬಿಲ್ಲೆ ಅಂಗಡಿಯವರಲ್ಲಿ ಇಲ್ಲದಿದ್ದರೆ ಹಳೆ ಬೇರಿಂಗ್‌ನ ಹೊರ ಉಂಗುರವನ್ನೇ ಸ್ವಲ್ಪ ಸವೆಸಿ ಬಿಲ್ಲೆ ಮಾಡಿಸಿ. ಈಚಿನ ಗಾಡಿಗಳ ಬೇರಿಂಗ್‌ನಲ್ಲಿ ಒಂದು ಮಗ್ಗುಲಿನ ಸೀಲೊಳಗೆ ಎಬಿಎಸ್‌ಗಾಗಿ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಮಗ್ಗುಲು ಸೆನ್ಸರ್ ಕಡೆಗೇ ಇರಬೇಕು. ಒಂದು ಪಿನ್ ಹಿಡಿದು ನೋಡಿದರೆ ಯಾವ ಮಗ್ಗುಲು ಎಂದು ಗೊತ್ತಾಗುತ್ತದೆ. ಉಲ್ಟಾ ಕೂರಿಸಿದರೆ ಎಬಿಎಸ್ ದೀಪ ಹೊತ್ತಿಕೊಂಡೇ ಇರುತ್ತದೆ, ಇನ್ನೊಂದು ಬೇರಿಂಗ್ ಖರ್ಚು.

ಮಿಯಾಟಾದ ಹಿಂದಿನ ಆಕ್ಸಲ್ ನಟ್‌ಗೆ 216ರಿಂದ 294 ನ್ಯೂಟನ್ ಮೀಟರ್. ಬೇರೆ ಗಾಡಿಗಳಿಗೆ ಈ ಅಂಕಿ ಬಳಸಬೇಡಿ. ಎಷ್ಟೋ ಹೊಸ ಮಾದರಿಗಳಲ್ಲಿ ಇಷ್ಟು ಟಾರ್ಕ್, ಅದರ ಮೇಲೆ ಇಷ್ಟು ಡಿಗ್ರಿ ಎಂದು ಎರಡು ಹಂತದಲ್ಲಿ ಹೇಳಿರುತ್ತಾರೆ, ಬೋಲ್ಟ್ ಒಂದೇ ಸಲ ಬಳಸುವಂಥದ್ದಾಗಿರುತ್ತದೆ.

8. ಟ್ರ್ಯಾಕ್ ದಿನದ ಅಭ್ಯಾಸ

ಪ್ರತಿ ಸೆಷನ್‌ನ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ. ಪಿಟ್‌ಗೆ ಬಂದು ನಿಂತ ಮೇಲೂ ಡಿಸ್ಕಿನ ಬಿಸಿ ಹಬ್‌ಗೆ ಏರುತ್ತಲೇ ಇರುತ್ತದೆ, ಗಾಳಿಯಿಲ್ಲದೆ ನಿಂತ ಆ ಹತ್ತು ನಿಮಿಷವೇ ಗ್ರೀಸ್‌ಗೆ ಅತಿ ಕಷ್ಟದ ಹೊತ್ತು. ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಅಡ್ಡ ಕೊಡಿ. ಸ್ಟಿಕ್ಕರ್ 120ರ ಚೌಕವನ್ನು ಕಪ್ಪು ಮಾಡುತ್ತಿದ್ದರೆ ಗ್ರೀಸ್ ಬದಲಿಸುವುದಕ್ಕಿಂತ ಮೊದಲು ಬ್ರೇಕ್‌ಗೆ ಗಾಳಿ ತರುವ ಡಕ್ಟ್ ಹಾಕಿಸಿ. ಬಿಸಿಯ ಮೂಲ ಬಿಟ್ಟು ಹಬ್ ಮೇಲೆ ಹಬ್ ಬದಲಿಸುವವರನ್ನು ನೋಡಿದರೆ ಬೇಸರವಾಗುತ್ತದೆ.

ಗಾಡಿಯನ್ನು ಟ್ರೇಲರ್ ಮೇಲೆ ದೂರ ಸಾಗಿಸುವವರು ಗಮನಿಸಿ: ಚಕ್ರ ತಿರುಗದೆ ಗಂಟೆಗಟ್ಟಲೆ ಅದುರಿದರೆ ಗುಂಡುಗಳು ನಿಂತಲ್ಲೇ ಸಣ್ಣ ಗುರುತು ಕೊರೆಯುತ್ತವೆ. ಪಟ್ಟಿಗಳನ್ನು ಚಕ್ರಕ್ಕೇ ಬಿಗಿದರೆ ಬಾಡಿ ತನ್ನ ಸಸ್ಪೆನ್ಷನ್ ಮೇಲೆ ತೂಗಾಡಿಕೊಳ್ಳುತ್ತದೆ, ಬೇರಿಂಗ್‌ಗೆ ಬೀಳುವ ಒದೆ ಕಡಿಮೆ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ರಸ್ತೆ ಟೈರಿನಲ್ಲಿ ವರ್ಷಕ್ಕೆ ನಾಲ್ಕಾರು ದಿನ ಹೋಗುವವರು ಪ್ರತಿ ಟ್ರ್ಯಾಕ್ ದಿನಕ್ಕೆ ಮೊದಲು ಕೈಪರೀಕ್ಷೆ, ವರ್ಷಕ್ಕೊಮ್ಮೆ ಗೇಜ್ ಇಟ್ಟರೆ ಸಾಕು. ಸ್ಲಿಕ್ ಅಥವಾ ಆರ್-ಕಾಂಪೌಂಡ್ ಟೈರಿನವರು (ಟ್ರ್ಯಾಕ್‌ಗೆಂದೇ ಮಾಡಿದ ಜಿಗುಟು ಟೈರುಗಳಿವು) ಮುಂದಿನ ಎರಡು ಹಬ್ಬನ್ನು ಬ್ರೇಕ್ ಪ್ಯಾಡಿನಂತೆಯೇ ಸವೆಯುವ ಸಾಮಾನೆಂದು ಖರ್ಚಿಗೆ ಹಿಡಿಯಿರಿ, ಸೀಸನ್ ಶುರುವಿನಲ್ಲೇ ಬದಲಿಸಿ. ತೆಗೆದದ್ದು ಇನ್ನೂ ಗಟ್ಟಿಯಿದ್ದರೆ ಅದೇ ನಿಮ್ಮ ಸ್ಪೇರ್. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಂದು ಹೊಸ ನಟ್, 29ರ ಸಾಕೆಟ್, ಮೊಂಡು ಉಳಿಯ ಜೊತೆ ಡಿಕ್ಕಿಯಲ್ಲಿಡಿ. ಟ್ರ್ಯಾಕ್‌ನಲ್ಲಿ ಹಬ್ ಆಡಲು ಶುರುವಾದರೆ ಅಲ್ಲೇ ಬದಲಿಸಿ. ಸ್ಪೇರ್ ಇಲ್ಲದಿದ್ದರೆ ಮನೆಗೆ ಟೋ ಮಾಡಿಸಿ. ಆಡುವ ಹಬ್ ಮೇಲೆ ಹೆದ್ದಾರಿಗೆ ಇಳಿಯಬೇಡಿ.